ವ್ಯಾಲೆಟ್ ವಿಳಾಸ ಕೊಡುವ ಮುಂಚೆ: ಕ್ರಿಪ್ಟೋದಲ್ಲಿ ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು

ಬ್ಲಾಕ್‌ಚೈನ್ ಅಂದರೆ ಗುಟ್ಟಿನ ದುಡ್ಡು ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ನಿಜ ಪೂರ್ತಿ ಉಲ್ಟಾ, ಅದು ಯಾರು ಬೇಕಾದರೂ ಓದಬಹುದಾದ ಲೆಕ್ಕದ ಪುಸ್ತಕ. ಒಬ್ಬರಿಗೆ ನಿಮ್ಮ ವ್ಯಾಲೆಟ್ ವಿಳಾಸ, ಅಂದರೆ ಕ್ರಿಪ್ಟೋದ ಖಾತೆ ನಂಬರ್ ಥರದ್ದು, ಕೊಟ್ಟರೆ ಬ್ಯಾಂಕ್ ಪಾಸ್‌ಬುಕ್ಕನ್ನೇ ಅವರ ಕೈಗೆ ಕೊಟ್ಟಂತೆ, ಅದೂ ಮುಂದೆ ತುಂಬಲಿರುವ ಪುಟಗಳ ಸಮೇತ. ಮೇಲೆ ಹೆಸರು ಬರೆದಿರುವುದಿಲ್ಲ, ಅಷ್ಟೇ. ಆದರೆ ವಿಳಾಸ ಕೇಳಿದವರಿಗೆ ನೀವು ಯಾರು ಅಂತ ಮೊದಲೇ ಗೊತ್ತಿರುತ್ತದಲ್ವಾ?

ಕಳ್ಳರಿಗೇ ಇದರಿಂದ ತಪ್ಪಿಸಿಕೊಳ್ಳೋಕೆ ಆಗಿಲ್ಲ. 2016ರಲ್ಲಿ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜ್‌ನಿಂದ (ಕ್ರಿಪ್ಟೋ ಕೊಳ್ಳುವ, ಮಾರುವ ಜಾಗ) 1,19,754 ಬಿಟ್‌ಕಾಯಿನ್ ಕಳವಾಯಿತು. 2022ರ ಫೆಬ್ರವರಿಯಲ್ಲಿ ಅಮೆರಿಕದ ತನಿಖಾಧಿಕಾರಿಗಳು ನ್ಯೂಯಾರ್ಕ್‌ನಲ್ಲಿ ಒಂದು ದಂಪತಿಯನ್ನು ಹಿಡಿದು 94,000ಕ್ಕೂ ಜಾಸ್ತಿ ಬಿಟ್‌ಕಾಯಿನ್ ವಶಪಡಿಸಿಕೊಂಡರು. ಐದೂವರೆ ವರ್ಷ ಅಲ್ಲಿಗೆ ಇಲ್ಲಿಗೆ ಸಾಗಿಸಿದರೂ ಜಾಡು ಅಳಿಸಿರಲಿಲ್ಲ.

ಹಾಗಂತ ಎಲ್ಲವನ್ನೂ ಮುಚ್ಚಿಡೋಣ ಅಂತ ಹೊರಟರೆ ಇನ್ನೊಂದು ಗೋಳು. ನಾಳೆ ಎಕ್ಸ್‌ಚೇಂಜ್ ‘ಈ ದುಡ್ಡು ಎಲ್ಲಿಂದ ಬಂತು’ ಅಂತ ಕೇಳುತ್ತದೆ, ಬ್ಯಾಂಕ್ ಖಾತೆ ಫ್ರೀಜ್ ಆಗುತ್ತದೆ, ತೆರಿಗೆ ನೋಟಿಸ್ ಬರುತ್ತದೆ. ಆಗ ತೋರಿಸೋಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಅಪರಿಚಿತರಿಗೆ ಕಾಣದ ಹಾಗೆ, ಆದರೆ ಲೆಕ್ಕ ಕೇಳುವ ಹಕ್ಕಿದ್ದವರಿಗೆ ಐದು ನಿಮಿಷದಲ್ಲಿ ತೋರಿಸುವ ಹಾಗೆ ಇಟ್ಟುಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನ.

ಹೆಜ್ಜೆ 1: ಮೊದಲು ನಿಮ್ಮನ್ನು ನೀವೇ ಹುಡುಕಿ

ನೀವು ಜಾಸ್ತಿ ಬಳಸುವ ಇಥೀರಿಯಂ ವಿಳಾಸವನ್ನು ಕಾಪಿ ಮಾಡಿ ಈಥರ್‌ಸ್ಕ್ಯಾನ್ ಅನ್ನುವ ಸೈಟಿನಲ್ಲಿ ಹಾಕಿ. ಬಿಟ್‌ಕಾಯಿನ್ ಆದರೆ ಮೆಂಪೂಲ್ ಡಾಟ್ ಸ್ಪೇಸ್, ಟ್ರಾನ್ ಅನ್ನುವ ಬ್ಲಾಕ್‌ಚೈನ್ ಮೇಲಿನ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ನಾಣ್ಯ) ಆದರೆ ಟ್ರಾನ್‌ಸ್ಕ್ಯಾನ್. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ಯಾರು ಬೇಕಾದರೂ ನೋಡಬಹುದು.

ಬ್ಯಾಲೆನ್ಸ್ ಕಾಣುತ್ತದೆ. ಯಾವ ಟೋಕನ್ ಎಷ್ಟಿದೆ ಅನ್ನುವುದು ಡಾಲರ್ ಲೆಕ್ಕದ ಸಮೇತ ಕಾಣುತ್ತದೆ. ಕೆಳಗೆ ಪ್ರತಿ ವ್ಯವಹಾರದ ತಾರೀಖು, ಸೆಕೆಂಡಿನವರೆಗೆ ಸಮಯ, ಎದುರಿನ ವಿಳಾಸ, ಮೊತ್ತ, ಫೀಸು. ‘ಫಂಡೆಡ್ ಬೈ’ ಅಂತ ಒಂದು ಸಾಲಿರುತ್ತದೆ ನೋಡಿ, ಈ ವ್ಯಾಲೆಟ್‌ಗೆ ಮೊಟ್ಟಮೊದಲು ಯಾರು ದುಡ್ಡು ಹಾಕಿದರು ಅಂತ ಅದು ಹೇಳುತ್ತದೆ. ಅಲ್ಲಿ ನಿಮ್ಮ ಎಕ್ಸ್‌ಚೇಂಜಿನ ಹೆಸರಿದ್ದರೆ ಪರವಾಗಿಲ್ಲ. ನಿಮ್ಮದೇ ಇನ್ನೊಂದು ವ್ಯಾಲೆಟ್ ಇದ್ದರೆ ಎರಡೂ ಒಬ್ಬರದೇ ಅಂತ ಜಗತ್ತಿಗೆ ಗೊತ್ತಾಯಿತು ಅಂತಲೇ ಲೆಕ್ಕ. ನಿಮ್ಮ ವ್ಯವಹಾರಗಳ ಸಮಯಗಳನ್ನು ಸಾಲಾಗಿ ನೋಡಿದರೆ ನೀವು ಯಾವ ಹೊತ್ತಿನಲ್ಲಿ ಮಲಗುತ್ತೀರಿ, ಯಾವ ದೇಶದ ಗಡಿಯಾರ ಪಾಲಿಸುತ್ತೀರಿ ಅನ್ನುವುದನ್ನೂ ಸುಮಾರಾಗಿ ಹೇಳಬಹುದು.

ಈ ಕೆಲಸಕ್ಕೆ ಅರ್ಧ ಗಂಟೆ ಕೊಡಿ. ಮುಂದಿನ ಹೆಜ್ಜೆಗಳು ಯಾಕೆ ಬೇಕು ಅಂತ ನಾನು ಹೇಳುವುದಕ್ಕಿಂತ ಆ ಪುಟವೇ ಚೆನ್ನಾಗಿ ಹೇಳುತ್ತದೆ. (ಹೀಗೆ ಹುಡುಕುವಾಗ ಆ ಸೈಟಿಗೆ ನಿಮ್ಮ ಐಪಿ ವಿಳಾಸ ಸಿಗುತ್ತದೆ. ಅದೂ ಬೇಡ ಅನ್ನುವವರು ಟಾರ್ ಬ್ರೌಸರ್ ಬಳಸಿ.)

ಹೆಜ್ಜೆ 2: ಯಾರಿಂದ ಮುಚ್ಚಿಡುತ್ತಿದ್ದೀರಿ ಅಂತ ಬರೆದುಕೊಳ್ಳಿ

‘ಪ್ರೈವಸಿ ಬೇಕು’ ಅಂತ ಸುಮ್ನೆ ಹೇಳಿದರೆ ಏನೂ ಆಗುವುದಿಲ್ಲ. ಯಾರಿಂದ? ನಿಮಗೆ ಕೆಲಸ ಕೊಟ್ಟ ಕ್ಲೈಂಟ್‌ಗೆ ನಿಮ್ಮ ಒಟ್ಟು ಉಳಿತಾಯ ಗೊತ್ತಾಗಬೇಕಾದ್ದಿಲ್ಲ, ಗೊತ್ತಾದರೆ ಮುಂದಿನ ಸಲ ರೇಟ್ ಮಾತಾಡುವಾಗ ನೀವೇ ಸೋಲುತ್ತೀರಿ. ನೆಂಟರಿಷ್ಟರಿಗಂತೂ ಬೇಡವೇ ಬೇಡ. ತಾವಾಗೇ ಕೊಂಡು ಮಾರುವ ಪ್ರೋಗ್ರಾಂಗಳಿಗೆ, ಅಂದರೆ ಟ್ರೇಡಿಂಗ್ ಬಾಟ್‌ಗಳಿಗೆ, ನಿಮ್ಮ ಆರ್ಡರ್ ಮೊದಲೇ ಕಾಣಬಾರದು. ಆದಾಯ ತೆರಿಗೆ ಇಲಾಖೆಗೆ, ನಿಮ್ಮ ಸಿಎಗೆ, ಕಂಪನಿ ದುಡ್ಡಾದರೆ ಪಾಲುದಾರರಿಗೆ ಮಾತ್ರ ಎಲ್ಲವೂ ಕಾಣಬೇಕು.

ಇನ್ನು ಕಳ್ಳರು. ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. 2020ರಲ್ಲಿ ಲೆಡ್ಜರ್ ಹಾರ್ಡ್‌ವೇರ್ ವ್ಯಾಲೆಟ್ ಕಂಪನಿಯ ಲಕ್ಷಾಂತರ ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಬಯಲಾದವು. 2025ರ ಜನವರಿಯಲ್ಲಿ ಅದೇ ಕಂಪನಿಯ ಸಹಸಂಸ್ಥಾಪಕರೊಬ್ಬರನ್ನು ಫ್ರಾನ್ಸ್‌ನಲ್ಲಿ ಮನೆಯಿಂದ ಅಪಹರಿಸಿ ಕ್ರಿಪ್ಟೋದಲ್ಲಿ ಒತ್ತೆಹಣ ಕೇಳಿದರು. 2025ರ ಮೇ ತಿಂಗಳಲ್ಲಿ ಕಾಯಿನ್‌ಬೇಸ್ ಎಕ್ಸ್‌ಚೇಂಜ್, ಅಮೆರಿಕದ ಹೊರಗಿನ ತನ್ನ ಕೆಲವು ಸಪೋರ್ಟ್ ಸಿಬ್ಬಂದಿಗೆ ಲಂಚ ಕೊಟ್ಟು ಗ್ರಾಹಕರ ಮಾಹಿತಿ ಕದ್ದಿದ್ದಾರೆ ಅಂತ ಒಪ್ಪಿಕೊಂಡಿತು. ಬ್ಲಾಕ್‌ಚೈನ್ ಮೇಲಿನ ಮೊತ್ತ ಒಂದು ಕಡೆ, ಸೋರಿಹೋದ ಕೆವೈಸಿ ಇನ್ನೊಂದು ಕಡೆ. ಎರಡನ್ನೂ ಸೇರಿಸಿದರೆ ಯಾರ ಮನೆಯಲ್ಲಿ ಎಷ್ಟಿದೆ ಅನ್ನುವ ಪಟ್ಟಿಯೇ ಸಿದ್ಧ. ಕೆವೈಸಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಆದ್ದರಿಂದ ಕೆವೈಸಿ ಮಾಡಿದ ಜಾಗದಲ್ಲಿ ಬೇಕಾದಷ್ಟೇ ಇಡಿ, ಹತ್ತು ಕಡೆ ಸುಮ್ನೆ ಖಾತೆ ತೆರೆದು ಆಧಾರ್ ಹಂಚಬೇಡಿ.

ಹೆಜ್ಜೆ 3: ವ್ಯಾಲೆಟ್ ಬೇರೆ ಮಾಡಿ, ಆದರೆ ಗ್ಯಾಸ್ ಹಾಕುವಾಗ ಎಡವಬೇಡಿ

ಕನಿಷ್ಠ ಮೂರು ವ್ಯಾಲೆಟ್ ಬೇಕು. ಉಳಿತಾಯಕ್ಕೆ ಒಂದು, ಅದರ ವಿಳಾಸ ಯಾರಿಗೂ ಕೊಡಬೇಡಿ. ದುಡ್ಡು ತೆಗೆದುಕೊಳ್ಳೋಕೆ, ಕೊಡೋಕೆ ಇನ್ನೊಂದು. ಡೆಕ್ಸ್‌ಗಳಲ್ಲಿ (ನಡುವೆ ಕಂಪನಿ ಇಲ್ಲದೆ ಬ್ಲಾಕ್‌ಚೈನ್ ಮೇಲೇ ನಡೆಯುವ ಎಕ್ಸ್‌ಚೇಂಜ್) ಟ್ರೇಡ್ ಮಾಡೋಕೆ, ಹೊಸ ಆ್ಯಪ್‌ಗಳಿಗೆ ಕನೆಕ್ಟ್ ಮಾಡೋಕೆ ಮೂರನೆಯದು. ಈಎನ್‌ಎಸ್ ಹೆಸರು, ಅಂದರೆ ನಿಮ್ಮ ಹೆಸರಿನ ಮುಂದೆ ಡಾಟ್ ಇಟಿಎಚ್ ಬರುತ್ತದಲ್ಲ ಅದು, ಇಟ್ಟುಕೊಳ್ಳುವ ಶೋಕಿ ಇದ್ದರೆ ಎರಡನೆಯದಕ್ಕೆ ಮಾತ್ರ ಇಡಿ, ಉಳಿತಾಯದ್ದಕ್ಕೆ ಯಾವತ್ತೂ ಬೇಡ.

ಬಹಳ ಜನ ಎಡವುವುದು ಇಲ್ಲಿ. ಹೊಸ ವ್ಯಾಲೆಟ್ ತೆರೆದರು, ಅದರಲ್ಲಿ ಗ್ಯಾಸ್‌ಗೆ, ಅಂದರೆ ನೆಟ್‌ವರ್ಕ್ ಫೀಸಿಗೆ, ಇಥರ್ (ಇಥೀರಿಯಂನ ನಾಣ್ಯ) ಇಲ್ಲ, ಹಳೆಯದರಿಂದ ಒಂದು ಚೂರು ಕಳಿಸಿದರು. ಮುಗಿಯಿತು. ‘ಫಂಡೆಡ್ ಬೈ’ ಸಾಲಿನಲ್ಲಿ ಹಳೆಯ ವ್ಯಾಲೆಟ್ ಶಾಶ್ವತವಾಗಿ ಕೂತುಬಿಟ್ಟಿತು. ಬದಲಿಗೆ ಪ್ರತಿ ವ್ಯಾಲೆಟ್‌ಗೂ ಎಕ್ಸ್‌ಚೇಂಜಿನಿಂದಲೇ ನೇರವಾಗಿ ವಿತ್‌ಡ್ರಾ ಮಾಡಿ. ಹೊರಗಿನವರಿಗೆ ಕಾಣುವುದು ಎಕ್ಸ್‌ಚೇಂಜಿನ ದೊಡ್ಡ ಹಾಟ್ ವ್ಯಾಲೆಟ್, ಸಾವಿರಾರು ಜನರ ದುಡ್ಡು ಅದರಿಂದಲೇ ಹೊರಗೆ ಹೋಗುತ್ತಿರುತ್ತದೆ. ಎಕ್ಸ್‌ಚೇಂಜಿಗೆ ಮಾತ್ರ ಅದು ನಿಮ್ಮದು ಅಂತ ಗೊತ್ತು, ಕಾನೂನು ಪ್ರಕಾರ ಕೇಳಿದವರಿಗೆ ಅದು ಹೇಳುತ್ತದೆ. ನಮಗೆ ಬೇಕಾದ್ದೂ ಅದೇ ತಾನೇ? ಭಾರತದ ಎಕ್ಸ್‌ಚೇಂಜ್‌ಗಳು ವಿತ್‌ಡ್ರಾ ಮಾಡುವಾಗ ವ್ಯಾಲೆಟ್ ನಿಮ್ಮದೋ ಬೇರೆಯವರದೋ ಅಂತ ಕೇಳುವುದೂ ಇದೆ, ನಿಜ ಹೇಳಿ.

ಬಿಟ್‌ಕಾಯಿನ್ ಕಥೆ ಸ್ವಲ್ಪ ಬೇರೆ. ಅಲ್ಲಿ ಬ್ಯಾಲೆನ್ಸ್ ಅನ್ನುವುದು ತುಣುಕುಗಳ ಲೆಕ್ಕ. ನಿಮ್ಮ ಹತ್ತಿರ 0.05ರ ಒಂದು ತುಣುಕಿದೆ, 0.002 ಕೊಡಬೇಕು ಅಂದುಕೊಳ್ಳಿ. ಆ ತುಣುಕನ್ನು ಪೂರ್ತಿ ಒಡೆಯಲೇಬೇಕು. 0.002 ಅವರಿಗೆ, 0.00002 ಫೀಸು, ಉಳಿದ 0.04798 ಚಿಲ್ಲರೆಯಾಗಿ ನಿಮ್ಮದೇ ಹೊಸ ವಿಳಾಸಕ್ಕೆ ವಾಪಸ್. ದುಡ್ಡು ಪಡೆದವರು ಆ ವ್ಯವಹಾರ ತೆರೆದು ನೋಡಿದರೆ ಎರಡು ಮೊತ್ತ ಕಾಣುತ್ತವೆ. ಒಂದು ಅವರದು, ಹಾಗಾದರೆ ಇನ್ನೊಂದು ನಿಮ್ಮದೇ. ಚಹಾಕ್ಕೆ ದುಡ್ಡು ಕೊಟ್ಟು ಬೀರು ತೆಗೆದು ತೋರಿಸಿದ್ದಾಯಿತು.

ಇದಕ್ಕೆ ಮದ್ದು ‘ಕಾಯಿನ್ ಕಂಟ್ರೋಲ್’. ಸ್ಪ್ಯಾರೋ, ಎಲೆಕ್ಟ್ರಮ್ ಥರದ ವ್ಯಾಲೆಟ್‌ಗಳಲ್ಲಿ ಯಾವ ತುಣುಕು ಖರ್ಚು ಮಾಡಬೇಕು ಅಂತ ನೀವೇ ಆರಿಸಬಹುದು, ಪ್ರತಿ ತುಣುಕಿಗೂ ‘ಎಕ್ಸ್‌ಚೇಂಜಿನಿಂದ’, ‘ಡಿಸೈನ್ ಕೆಲಸದ್ದು’ ಅಂತ ಹೆಸರು ಬರೆದಿಡಬಹುದು. ಸಣ್ಣ ಪಾವತಿಗೆ ಸಣ್ಣ ತುಣುಕು ಬಳಸಿ. ಬೇರೆ ಬೇರೆ ಕಡೆಯಿಂದ ಬಂದ ತುಣುಕುಗಳನ್ನು ಒಂದೇ ವ್ಯವಹಾರದಲ್ಲಿ ಸೇರಿಸಬೇಡಿ. ಸೇರಿಸಿದರೆ ಎಲ್ಲ ಒಬ್ಬರದೇ ಅಂತ ಜಾಡು ಹಿಡಿಯುವ ಸಾಫ್ಟ್‌ವೇರ್ ಊಹಿಸುತ್ತದೆ, ಬಹುತೇಕ ಸಲ ಆ ಊಹೆ ಸರಿಯೇ ಇರುತ್ತದೆ.

ಹೆಜ್ಜೆ 4: ದುಡ್ಡು ತೆಗೆದುಕೊಳ್ಳುವಾಗ, ಕೊಡುವಾಗ

ಬಿಟ್‌ಕಾಯಿನ್‌ನಲ್ಲಿ ಪ್ರತಿ ಪಾವತಿಗೂ ಹೊಸ ವಿಳಾಸ ಕೊಡಿ. 2008ರ ಮೂಲ ಬಿಟ್‌ಕಾಯಿನ್ ಪತ್ರದಲ್ಲೇ ಈ ಸಲಹೆ ಇದೆ, ಈಗಿನ ವ್ಯಾಲೆಟ್‌ಗಳು ತಾವಾಗೇ ಮಾಡುತ್ತವೆ. ‘ಎಕ್ಸ್‌ಪಬ್’ ಅಂತ ಒಂದು ಉದ್ದನೆಯ ಕೀ ಇದೆ, ಅದನ್ನು ಮಾತ್ರ ಯಾರಿಗೂ ಹಾಗೇ ಕಳಿಸಬೇಡಿ. ಅದರಿಂದ ದುಡ್ಡು ಕದಿಯೋಕೆ ಆಗಲ್ಲ ನಿಜ, ಆದರೆ ಆ ಖಾತೆಯ ಹಿಂದಿನ, ಮುಂದಿನ ವಿಳಾಸಗಳೆಲ್ಲ ಕಾಣುತ್ತವೆ. ಇದೇ ಗುಣ ನಿಮ್ಮ ಸಿಎ ವಿಷಯದಲ್ಲಿ ಉಪಯೋಗಕ್ಕೆ ಬರುತ್ತದೆ: ವ್ಯಾಪಾರಕ್ಕೆ ಬೇರೆಯೇ ಖಾತೆ ಇಟ್ಟು ಅದರ ಎಕ್ಸ್‌ಪಬ್ ಕೊಟ್ಟರೆ ಅವರು ಎಲ್ಲ ನೋಡಬಹುದು, ಒಂದು ಪೈಸೆಯನ್ನೂ ಮುಟ್ಟೋಕೆ ಆಗಲ್ಲ.

ಸಣ್ಣ ಮೊತ್ತಗಳಿಗೆ ಲೈಟ್ನಿಂಗ್ ಒಳ್ಳೆಯದು, ಅದು ಬಿಟ್‌ಕಾಯಿನ್ ಮೇಲೆ ಕಟ್ಟಿದ ಪಾವತಿ ಜಾಲ, ಇಬ್ಬರ ನಡುವೆ ‘ಚಾನೆಲ್’ ತೆರೆದು ಕೆಲಸ ಮಾಡುತ್ತದೆ. ಒಂದೊಂದು ಪಾವತಿಯೂ ಬ್ಲಾಕ್‌ಚೈನ್‌ನಲ್ಲಿ ದಾಖಲಾಗುವುದಿಲ್ಲ, ಚಾನೆಲ್ ತೆರೆದದ್ದು, ಮುಚ್ಚಿದ್ದು ಮಾತ್ರ ಅಲ್ಲಿರುತ್ತದೆ. ದುಡ್ಡು ಕೊಟ್ಟವರಿಗೆ ಪ್ರಿಇಮೇಜ್ ಅನ್ನುವ ಒಂದು ಕೋಡ್ ಸಿಗುತ್ತದೆ, ಇನ್‌ವಾಯ್ಸ್ ಜತೆಗೆ ಅದು ರಸೀದಿ ಥರ ಕೆಲಸ ಮಾಡುತ್ತದೆ. ಹೊರಗಿನವರಿಗೆ ಕಾಣಲ್ಲ, ಜಗಳ ಬಂದರೆ ಪುರಾವೆ ಇದೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಸುಲಭದ ಉಪಾಯ ಇದೇ, ಆದರೆ ಎಲ್ಲರೂ ಸ್ಟೇಬಲ್‌ಕಾಯಿನ್ (ಡಾಲರ್ ಥರದ ಕರೆನ್ಸಿಯ ಬೆಲೆಗೆ ಕಟ್ಟಿದ ನಾಣ್ಯ) ಹಿಂದೆ ಬಿದ್ದಿದ್ದಾರೆ.

ಸ್ಟೇಬಲ್‌ಕಾಯಿನ್ ಅಂದ ಮೇಲೆ ಒಂದು ಮಾತು. ಯುಎಸ್‌ಡಿಟಿ ನಡೆಸುವ ಟೆದರ್, ಯುಎಸ್‌ಡಿಸಿ ನಡೆಸುವ ಸರ್ಕಲ್, ಇಬ್ಬರ ಕೈಯಲ್ಲೂ ಒಂದು ವಿಳಾಸವನ್ನು ಫ್ರೀಜ್ ಮಾಡುವ ಅಧಿಕಾರ ಇದೆ. ಗುರುತಿಲ್ಲದವರ ಹತ್ತಿರ ಕಡಿಮೆ ರೇಟಿಗೆ ಸಿಗುತ್ತದೆ ಅಂತ ತೆಗೆದುಕೊಂಡ ಯುಎಸ್‌ಡಿಟಿ ಯಾವುದೋ ವಂಚನೆಯ ದುಡ್ಡಾಗಿದ್ದರೆ, ತನಿಖೆ ನಿಮ್ಮ ವಿಳಾಸದವರೆಗೂ ಬರಬಹುದು. ದೊಡ್ಡ ಮೊತ್ತ ತೆಗೆದುಕೊಳ್ಳುವ ಮುಂಚೆ ಎದುರಿನವರ ವಿಳಾಸ ಹಾಕಿ ನೋಡಿ. ಈಥರ್‌ಸ್ಕ್ಯಾನ್‌ನಲ್ಲಿ ಕುಖ್ಯಾತ ವಿಳಾಸಗಳಿಗೆ ಲೇಬಲ್ ಅಂಟಿಸಿರುತ್ತಾರೆ.

ಕಳಿಸುವಾಗ ಹಳೆಯ ಪಟ್ಟಿಯಿಂದ ವಿಳಾಸ ಕಾಪಿ ಮಾಡಲೇಬೇಡಿ. ಇಥೀರಿಯಂ ವಿಳಾಸ 42 ಅಕ್ಷರ ಉದ್ದ, ಆ್ಯಪ್‌ಗಳು ಮೊದಲಿನ ನಾಲ್ಕಾರು, ಕೊನೆಯ ನಾಲ್ಕಾರು ಅಕ್ಷರ ಮಾತ್ರ ತೋರಿಸುತ್ತವೆ. ಮೋಸಗಾರರು ನಿಮ್ಮ ವ್ಯವಹಾರಗಳನ್ನು ನೋಡುತ್ತಾ ಕೂತಿರುತ್ತಾರೆ. ನೀವು ಪದೇ ಪದೇ ಕಳಿಸುವ ವಿಳಾಸದ ಹಾಗೇ ಮೊದಲು, ಕೊನೆ ಇರುವ ಒಂದು ವಿಳಾಸ ಮಾಡಿ, ಅದರಿಂದ ನಿಮಗೆ ಸೊನ್ನೆ ಮೊತ್ತದ್ದೋ ಚಿಲ್ಲರೆಯದೋ ಒಂದು ವ್ಯವಹಾರ ಕಳಿಸುತ್ತಾರೆ. ಮುಂದಿನ ಸಲ ನೀವು ಪಟ್ಟಿಯಿಂದ ಕಾಪಿ ಮಾಡಿದರೆ ದುಡ್ಡು ಅವರಿಗೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೇ ಸುಮಾರು 6.8 ಕೋಟಿ ಡಾಲರ್ ಬೆಲೆಯ ಡಬ್ಲ್ಯುಬಿಟಿಸಿ (ಇಥೀರಿಯಂ ಮೇಲೆ ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ ಟೋಕನ್) ಕಳಿಸಿಬಿಟ್ಟರು. ಆಮೇಲೆ ಕಳ್ಳ ಬಹುಪಾಲು ವಾಪಸ್ ಕೊಟ್ಟ, ಅದು ಅವರ ಅದೃಷ್ಟ. ಆ್ಯಪ್‌ನ ವಿಳಾಸ ಪುಸ್ತಕದಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ನಡುವಿನ ಅಕ್ಷರಗಳನ್ನೂ ನೋಡಿ.

ಹೆಜ್ಜೆ 5: ಟ್ರೇಡ್ ಮಾಡುವಾಗ ಆರ್ಡರ್ ಬಯಲಿಗೆ ಬಿಡಬೇಡಿ

ಯುನಿಸ್ವಾಪ್ ಥರದ ಡೆಕ್ಸ್‌ನಲ್ಲಿ ನೀವು ‘ಸ್ವಾಪ್’ ಒತ್ತಿದ ಕೂಡಲೇ ಅದು ಬ್ಲಾಕ್‌ಗೆ ಸೇರುವುದಿಲ್ಲ. ಮೊದಲು ಮೆಂಪೂಲ್ ಅನ್ನುವ ಸರದಿಯಲ್ಲಿ ಕೆಲವು ಸೆಕೆಂಡು ಕಾಯುತ್ತದೆ, ಆ ಸರದಿ ಎಲ್ಲರಿಗೂ ಕಾಣುತ್ತದೆ. ಬಾಟ್‌ಗಳು ಅದನ್ನೇ ಕಾಯುತ್ತಿರುತ್ತವೆ. ನೀವು ಕೊಳ್ಳುವ ಮುಂಚೆ ಅವು ಕೊಂಡು ಬೆಲೆ ಏರಿಸುತ್ತವೆ, ನೀವು ಏರಿದ ಬೆಲೆಗೆ ಕೊಳ್ಳುತ್ತೀರಿ, ತಕ್ಷಣ ಅವು ಮಾರಿಬಿಡುತ್ತವೆ. ಇದಕ್ಕೆ ಸ್ಯಾಂಡ್‌ವಿಚ್ ಅಂತಾರೆ.

ಎಷ್ಟು ಕಳೆದುಕೊಳ್ಳಬಹುದು ಅನ್ನುವುದು ನಿಮ್ಮ ಸ್ಲಿಪ್ಪೇಜ್ ಸೆಟ್ಟಿಂಗ್, ಅಂದರೆ ಬೆಲೆ ಎಷ್ಟು ಕೆಟ್ಟರೂ ಒಪ್ಪುತ್ತೀರಿ ಅನ್ನುವ ಮಿತಿಯ ಮೇಲಿದೆ. 2,000 ಡಾಲರ್ ಸ್ವಾಪ್‌ಗೆ 5% ಸ್ಲಿಪ್ಪೇಜ್ ಇಟ್ಟರೆ ‘100 ಡಾಲರ್‌ವರೆಗೆ ಹೋದರೂ ಪರವಾಗಿಲ್ಲ’ ಅಂತ ನೀವೇ ಬರೆದುಕೊಟ್ಟ ಹಾಗೆ. 2025ರ ಮಾರ್ಚ್‌ನಲ್ಲಿ ಒಬ್ಬರು ಸುಮಾರು 2.2 ಲಕ್ಷ ಯುಎಸ್‌ಡಿಸಿಯನ್ನು ಯುಎಸ್‌ಡಿಟಿಗೆ ಬದಲಿಸೋಕೆ ಹೋಗಿ ಬರೀ 5,000 ಚಿಲ್ಲರೆ ಪಡೆದರು. ಎರಡೂ ಡಾಲರ್ ನಾಣ್ಯಗಳೇ, ಬೆಲೆ ಏರಿಳಿತದ ಪ್ರಶ್ನೆಯೇ ಇಲ್ಲ. ಮಿಕ್ಕದ್ದೆಲ್ಲ ಸ್ಯಾಂಡ್‌ವಿಚ್‌ನಲ್ಲಿ ಹೋಯಿತು.

ಮಾಡಬೇಕಾದ್ದು ಕಷ್ಟವೇನಿಲ್ಲ. ನಿಮ್ಮ ವ್ಯಾಲೆಟ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್ ಅಥವಾ ಎಂಇವಿ ಬ್ಲಾಕರ್ ಆರ್‌ಪಿಸಿ (ವ್ಯಾಲೆಟ್ ಬ್ಲಾಕ್‌ಚೈನ್ ಜತೆ ಮಾತಾಡುವ ಸರ್ವರ್ ಲಿಂಕ್) ಸೇರಿಸಿ. ಆಗ ನಿಮ್ಮ ಆರ್ಡರ್ ಬಹಿರಂಗ ಸರದಿಗೆ ಹೋಗದೆ ನೇರವಾಗಿ ಬ್ಲಾಕ್ ಕಟ್ಟುವವರಿಗೆ ಹೋಗುತ್ತದೆ. ಅಥವಾ ಆರ್ಡರ್‌ಗಳನ್ನು ಗುಂಪಾಗಿ ಹರಾಜಿಗಿಡುವ ಕೌಸ್ವಾಪ್ ಬಳಸಿ. ಸ್ಲಿಪ್ಪೇಜ್ ಆದಷ್ಟು ಕಡಿಮೆ ಇಡಿ, ದೊಡ್ಡ ನಾಣ್ಯಗಳಿಗೆ 0.5% ಸಾಕು. ಟ್ರೇಡ್ ಮುಗಿದ ಮೇಲೆ ಎಲ್ಲವೂ ಬ್ಲಾಕ್‌ಚೈನ್‌ನಲ್ಲಿ ಕಾಣುತ್ತದೆ, ಕಾಣಲಿ. ಮುಚ್ಚಬೇಕಾಗಿದ್ದದ್ದು ಆ ಕೆಲವು ಸೆಕೆಂಡು ಮಾತ್ರ.

ಲಿವರೇಜ್ ಟ್ರೇಡ್, ಅಂದರೆ ಸಾಲದ ಬಲದಲ್ಲಿ ದೊಡ್ಡ ಟ್ರೇಡ್, ಮಾಡುವವರಿಗೆ ಇನ್ನೂ ಒಂದು ಎಚ್ಚರ. ಹೈಪರ್‌ಲಿಕ್ವಿಡ್ ಥರದ ಜಾಗದಲ್ಲಿ ಒಂದು ವಿಳಾಸದ ಪೊಸಿಷನ್ ಎಷ್ಟು ದೊಡ್ಡದು, ಎಷ್ಟು ಬೆಲೆಗೆ ಲಿಕ್ವಿಡೇಟ್ ಆಗುತ್ತದೆ (ನಷ್ಟ ಮಿತಿ ದಾಟಿ ತಾನಾಗೇ ಮುಚ್ಚಿಹೋಗುತ್ತದೆ) ಅನ್ನುವುದೂ ಸಾರ್ವಜನಿಕ. ಆ ವಿಳಾಸ ನಿಮ್ಮದು ಅಂತ ಟ್ವಿಟರ್‌ನಲ್ಲಿ ಲಾಭದ ಸ್ಕ್ರೀನ್‌ಶಾಟ್ ಹಾಕಿ ಜಂಬ ಕೊಚ್ಚಿದರೆ, ಬೆಲೆಯನ್ನು ಅಲ್ಲಿಯವರೆಗೆ ಎಳೆಯೋಕೆ ಕಾದಿರುವವರಿಗೆ ನೀವೇ ದಾರಿ ತೋರಿಸಿದ ಹಾಗೆ.

ಹೆಜ್ಜೆ 6: ಮಿಕ್ಸರ್, ಪ್ರೈವಸಿ ಕಾಯಿನ್ — ಆತುರ ಬೇಡ

ಮಿಕ್ಸರ್ ಅಂದರೆ ಎಷ್ಟೋ ಜನರ ನಾಣ್ಯ ಕಲಸಿ ಜಾಡು ಮುಚ್ಚುವ ಸೇವೆ. ಇಷ್ಟು ಓದಿದ ಮೇಲೆ ‘ಮಿಕ್ಸರ್‌ಗೆ ಹಾಕಿದರೆ ಎಲ್ಲ ಮುಗಿಯುತ್ತಲ್ಲ’ ಅನ್ನಿಸಬಹುದು. ಮುಗಿಯಲ್ಲ, ಶುರುವಾಗುತ್ತದೆ. ಟೊರ್ನಾಡೊ ಕ್ಯಾಶ್ ಅನ್ನುವ ಮಿಕ್ಸರ್ ಮೇಲೆ ಅಮೆರಿಕ 2022ರ ಆಗಸ್ಟ್‌ನಲ್ಲಿ ನಿರ್ಬಂಧ ಹೇರಿತು, ಕೋರ್ಟ್ ತೀರ್ಪಿನ ನಂತರ 2025ರ ಮಾರ್ಚ್‌ನಲ್ಲಿ ತೆಗೆಯಿತು. ನಿರ್ಬಂಧ ಹೋಯಿತು ನಿಜ, ಹೆಸರಿನ ಕಳಂಕ ಹೋಗಿಲ್ಲ. 2024ರ ಜುಲೈನಲ್ಲಿ ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ ಕಳವಾದ 23 ಕೋಟಿ ಡಾಲರ್‌ಗೂ ಜಾಸ್ತಿ ಮೊತ್ತದಲ್ಲಿ ದೊಡ್ಡ ಪಾಲು ಇದೇ ಟೊರ್ನಾಡೊ ಮೂಲಕ ಹೋಯಿತು. ಅದೇ ಕೊಳದಿಂದ ನಿಮ್ಮ ದುಡ್ಡೂ ಹೊರಗೆ ಬಂದರೆ ಎಕ್ಸ್‌ಚೇಂಜಿನ ಸಾಫ್ಟ್‌ವೇರ್ ಕೆಂಪು ಬಾವುಟ ಎತ್ತುತ್ತದೆ, ನೀವು ಒಳ್ಳೆಯವರೋ ಕೆಟ್ಟವರೋ ಅದಕ್ಕೆ ಬೇಕಿಲ್ಲ.

ಪ್ರೈವಸಿ ಕಾಯಿನ್‌ಗಳಲ್ಲಿ, ಅಂದರೆ ವ್ಯವಹಾರ ಮುಚ್ಚಿಡೋಕೆ ಅಂತಲೇ ಮಾಡಿದ ನಾಣ್ಯಗಳಲ್ಲಿ, ಒಂದಕ್ಕೊಂದು ವ್ಯತ್ಯಾಸ ಇದೆ. ಮೊನೆರೊದಲ್ಲಿ ಕಳಿಸಿದವರು, ಪಡೆದವರು, ಮೊತ್ತ ಮೂರೂ ಯಾವಾಗಲೂ ಮುಚ್ಚಿರುತ್ತವೆ. 2016ರಲ್ಲಿ ಶುರುವಾದ ಝಡ್‌ಕ್ಯಾಶ್‌ನಲ್ಲಿ ಆಯ್ಕೆ ನಿಮ್ಮದು, ಬಹಿರಂಗ ವಿಳಾಸವೂ ಇದೆ, ಮುಚ್ಚಿದ ವಿಳಾಸವೂ ಇದೆ. ಮುಚ್ಚಿದ ವಿಳಾಸಕ್ಕೆ ‘ವ್ಯೂಯಿಂಗ್ ಕೀ’ ಅಂತ ಕೊಡುತ್ತಾರೆ. ಅದನ್ನು ಆಡಿಟರ್‌ಗೆ ಕೊಟ್ಟರೆ ಅವರಿಗೆ ಮಾತ್ರ ಲೆಕ್ಕ ಕಾಣುತ್ತದೆ, ಊರಿಗೆಲ್ಲ ಕಾಣಲ್ಲ. ತಂತ್ರಜ್ಞಾನವಾಗಿ ನನಗೆ ಇದು ಇಷ್ಟ. ಮೊನೆರೊದಲ್ಲೂ ವ್ಯೂ ಕೀ ಇದೆ, ಆದರೆ ಅದೊಂದರಿಂದ ಒಳಗೆ ಬಂದದ್ದು ಮಾತ್ರ ಸರಿಯಾಗಿ ಕಾಣುತ್ತದೆ, ಹೊರಗೆ ಹೋದದ್ದು ಕಾಣುವುದಿಲ್ಲ.

ಕಾನೂನು ಮಾತ್ರ ಇವುಗಳ ಕಡೆ ಇಲ್ಲ. ಬೈನಾನ್ಸ್ ಎಕ್ಸ್‌ಚೇಂಜ್ 2024ರ ಫೆಬ್ರವರಿಯಲ್ಲಿ ಮೊನೆರೊ ತೆಗೆದುಹಾಕಿತು. ಯುರೋಪಿಯನ್ ಒಕ್ಕೂಟದಲ್ಲಿ 2027ರ ಜುಲೈ 10ರಿಂದ ಎಕ್ಸ್‌ಚೇಂಜ್‌ಗಳು ಇಂಥ ನಾಣ್ಯ ಇಟ್ಟುಕೊಳ್ಳುವಂತಿಲ್ಲ. ದುಬೈನ ಕ್ರಿಪ್ಟೋ ನಿಯಂತ್ರಕ ವಾರಾದ ನಿಯಮಗಳು 2023ರಲ್ಲೇ ಇವನ್ನು ನಿಷೇಧಿಸಿವೆ, ಅಲ್ಲಿರುವ ನಮ್ಮವರು ಗಮನಿಸಿ. ಕೊಳ್ಳುವುದು ಹೇಗಾದರೂ ಆದೀತು, ವಾಪಸ್ ರೂಪಾಯಿಗೋ ದಿರ್ಹಮ್‌ಗೋ ತರುವ ದಾರಿ ಮೊದಲು ನೋಡಿಕೊಳ್ಳಿ. ಸಾಮಾನ್ಯ ವ್ಯವಹಾರಕ್ಕೆ ಮೂರನೇ, ನಾಲ್ಕನೇ ಹೆಜ್ಜೆ ಧಾರಾಳ ಸಾಕು.

ಹೆಜ್ಜೆ 7: ನಿಮ್ಮ ಲೆಕ್ಕದ ಪುಸ್ತಕ

ಬೇಜಾರಿನ ಕೆಲಸ ಇದು, ಆದರೆ ಇದಿಲ್ಲದೆ ಮೇಲಿನದ್ದೆಲ್ಲ ವ್ಯರ್ಥ. ವ್ಯಾಲೆಟ್ ಮೂರಾದ ಕೂಡಲೇ ನಿಮಗೇ ಗೊಂದಲ ಶುರುವಾಗುತ್ತದೆ. ಒಂದು ಸ್ಪ್ರೆಡ್‌ಶೀಟ್ ತೆರೆದು ಪ್ರತಿ ವ್ಯವಹಾರಕ್ಕೂ ಒಂದು ಸಾಲು ಬರೆಯಿರಿ: ತಾರೀಖು, ಯಾವ ವ್ಯಾಲೆಟ್‌ನಿಂದ ಯಾವುದಕ್ಕೆ, ನಾಣ್ಯ, ಮೊತ್ತ, ಆ ದಿನದ ರೂಪಾಯಿ ಬೆಲೆ, ಟ್ರಾನ್ಸಾಕ್ಷನ್ ಹ್ಯಾಶ್ (ಆ ವ್ಯವಹಾರದ ಗುರುತಿನ ನಂಬರ್), ಯಾತಕ್ಕೆ. ಕೊನೆಯ ಕಾಲಮ್ ಮುಖ್ಯ. ‘ಸ್ವಂತ ವ್ಯಾಲೆಟ್‌ಗೆ ವರ್ಗ’ ಅಂತ ಬರೆದಿಟ್ಟಿದ್ದರೆ ಎರಡು ವರ್ಷ ಬಿಟ್ಟು ಯಾರಾದರೂ ಅದನ್ನು ಮಾರಾಟ ಅಂದಾಗ ಉತ್ತರ ಇರುತ್ತದೆ. ಬರೆದಿಲ್ಲ ಅಂದರೆ ನಿಮಗೂ ನೆನಪಿರಲ್ಲ. ಈ ಶೀಟ್ ಮಾತ್ರ ಗೂಗಲ್ ಡ್ರೈವ್‌ನಲ್ಲಿ ಬಯಲಾಗಿ ಇಡಬೇಡಿ. ನಿಮ್ಮ ಎಲ್ಲ ವ್ಯಾಲೆಟ್‌ಗಳನ್ನು ಒಂದಕ್ಕೊಂದು ಜೋಡಿಸುವ ದಾಖಲೆ ಎಕ್ಸ್‌ಚೇಂಜ್ ಬಿಟ್ಟರೆ ಅದೊಂದೇ. ಪಾಸ್‌ವರ್ಡ್ ಹಾಕಿ ಪೆನ್‌ಡ್ರೈವ್‌ನಲ್ಲಿಡಿ.

ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟರೆ ಬೇರೆ ಖರ್ಚು ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತೆಯೂ ಇಲ್ಲ, ಇದು ಅನ್ಯಾಯ ಅಂತ ನನ್ನ ಅನಿಸಿಕೆ, ಆದರೆ ಕಾನೂನು ಹಾಗಿದೆ. 2022ರ ಜುಲೈ 1ರಿಂದ 1% ಟಿಡಿಎಸ್ ಬೇರೆ. ಎಕ್ಸ್‌ಚೇಂಜ್ ಕಟ್ಟಿದ ಟಿಡಿಎಸ್ ನಿಮ್ಮ 26ಎಎಸ್ ತೆರಿಗೆ ವಿವರ ಪಟ್ಟಿಯಲ್ಲಿ ಬರುತ್ತದೆ, ಅಂದರೆ ಇಲಾಖೆಗೆ ನಿಮ್ಮ ವ್ಯವಹಾರ ಆಗಲೇ ಕಾಣುತ್ತಿದೆ. ರಿಟರ್ನ್‌ನಲ್ಲಿ ವಿಡಿಎ (ಕ್ರಿಪ್ಟೋಗೆ ತೆರಿಗೆ ಕಾನೂನಿನ ಹೆಸರು) ಶೆಡ್ಯೂಲ್‌ನಲ್ಲಿ ಕೊಂಡ ದಿನ, ಮಾರಿದ ದಿನ, ಎರಡರ ಬೆಲೆ ಒಂದೊಂದಾಗಿ ತುಂಬಬೇಕು. ಒಂದು ನಾಣ್ಯ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಅದು ಮಾರಾಟವೇ. ಅಮೆರಿಕದಲ್ಲಿರುವವರಿಗೆ 2025ರ ವ್ಯವಹಾರಗಳಿಂದ ಬ್ರೋಕರ್‌ಗಳು 1099-ಡಿಎ ಅನ್ನುವ ಕ್ರಿಪ್ಟೋ ಮಾರಾಟದ ಫಾರ್ಮ್ ಕಳಿಸುತ್ತಾರೆ, ಅದರ ಒಂದು ಪ್ರತಿ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೂ ಹೋಗುತ್ತದೆ.

ವಿದೇಶಿ ಕ್ಲೈಂಟ್‌ನಿಂದ ಕೆಲಸದ ದುಡ್ಡನ್ನೇ ಕ್ರಿಪ್ಟೋದಲ್ಲಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಶ್ನೆ ಬರುತ್ತದೆ. ಮೊದಲು ಸಿಎ ಹತ್ತಿರ ಕೂತು ಮಾತಾಡಿ, ಆಮೇಲೆ ಇನ್‌ವಾಯ್ಸ್ ಬರೆಯಿರಿ.

ಹೆಜ್ಜೆ 8: ಪಿ2ಪಿ ಮಾಡುವವರು ಇದನ್ನು ಎರಡು ಸಲ ಓದಿ

ಪಿ2ಪಿ ಅಂದರೆ ಇನ್ನೊಬ್ಬ ವ್ಯಕ್ತಿಗೇ ನೇರವಾಗಿ ಮಾರುವುದು, ಕೊಳ್ಳುವುದು. ಯುಎಸ್‌ಡಿಟಿ ಮಾರಿದಿರಿ, ಎದುರಿನವರು ಯುಪಿಐ ಮಾಡಿದರು, ವಾರ ಬಿಟ್ಟು ನಿಮ್ಮ ಖಾತೆ ಫ್ರೀಜ್. ಬ್ಯಾಂಕಿಗೆ ಹೋದರೆ ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಅಂತಾರೆ. ಆಗಿದ್ದು ಇಷ್ಟು: ಯಾರೋ ಮೋಸ ಹೋಗಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು, ಆ ದುಡ್ಡು ಎರಡು ಮೂರು ಖಾತೆ ದಾಟಿ ನಿಮ್ಮಲ್ಲಿಗೆ ಬಂದಿತ್ತು. ಇಲ್ಲಿ ಬ್ಲಾಕ್‌ಚೈನ್ ನಿಮ್ಮ ಶತ್ರುವಲ್ಲ, ಸಾಕ್ಷಿ. ನೀವು ನಿಜಕ್ಕೂ ಯುಎಸ್‌ಡಿಟಿ ಕೊಟ್ಟಿದ್ದೀರಿ ಅನ್ನುವುದಕ್ಕೆ ಹ್ಯಾಶ್ ಇದೆ. ಆದರೆ ಅದನ್ನು ಆ ಯುಪಿಐ ಜತೆ ಜೋಡಿಸುವ ಕಾಗದ ನಿಮ್ಮ ಹತ್ತಿರ ಇರಬೇಕು.

ಆರ್ಡರ್ ನಂಬರ್, ಬ್ಯಾಂಕಿನ ಯುಟಿಆರ್ ನಂಬರ್, ಚಾಟ್, ಪ್ಲಾಟ್‌ಫಾರ್ಮ್ ತೋರಿಸಿದ ಕೆವೈಸಿ ಹೆಸರು, ಇಷ್ಟನ್ನೂ ವ್ಯವಹಾರ ಮುಗಿದ ದಿನವೇ ಸೇವ್ ಮಾಡಿ. ಕೆವೈಸಿ ಹೆಸರು ಒಂದು, ದುಡ್ಡು ಬಂದ ಖಾತೆಯ ಹೆಸರು ಇನ್ನೊಂದು ಆದರೆ ನಾಣ್ಯ ಬಿಡುಗಡೆ ಮಾಡಬೇಡಿ. ‘ಅಣ್ಣನ ಖಾತೆಯಿಂದ ಹಾಕಿದೀನಿ ಸರ್, ಅರ್ಜೆಂಟ್’ ಅನ್ನುತ್ತಾರೆ. ದುಡ್ಡು ವಾಪಸ್ ಮಾಡೋಕೆ ಪ್ಲಾಟ್‌ಫಾರ್ಮ್‌ನಲ್ಲೇ ಡಿಸ್ಪ್ಯೂಟ್ ಹಾಕಿ. ಪಿ2ಪಿಗೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ, ಸಂಬಳ ಬರುವ, ಮನೆ ಸಾಲದ ಇಎಂಐ ಹೋಗುವ ಖಾತೆ ಬೇಡ. ಎಫ್‌ಐಯುನಲ್ಲಿ (ಕೇಂದ್ರದ ಹಣಕಾಸು ಗುಪ್ತಚರ ಘಟಕ) ನೋಂದಾಯಿಸಿದ ಪ್ಲಾಟ್‌ಫಾರ್ಮ್ ಬಳಸಿ: 2023ರ ಮಾರ್ಚ್‌ನಿಂದ ಕ್ರಿಪ್ಟೋ ಕಂಪನಿಗಳು ಅಕ್ರಮ ಹಣ ವರ್ಗಾವಣೆ ತಡೆಯುವ ಪಿಎಂಎಲ್‌ಎ ಕಾಯ್ದೆಯಡಿ ಬರುತ್ತವೆ, ನಾಳೆ ಪೊಲೀಸರು ಕೇಳಿದರೆ ಅಲ್ಲಿ ದಾಖಲೆ ಸಿಗುತ್ತದೆ.

ಹೆಜ್ಜೆ 9: ಬೇರೆಯವರ ಪಾರದರ್ಶಕತೆಯನ್ನೂ ಕೇಳಿ

ನಮ್ಮಿಂದ ಎಲ್ಲ ಕೇಳುವ ಎಕ್ಸ್‌ಚೇಂಜ್‌ಗಳು ತಮ್ಮದನ್ನು ತೋರಿಸುತ್ತವಾ? 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಮುಳುಗಿದ ಮೇಲೆ ‘ಪ್ರೂಫ್ ಆಫ್ ರಿಸರ್ವ್ಸ್’ (ಗ್ರಾಹಕರ ದುಡ್ಡು ತಮ್ಮಲ್ಲಿದೆ ಅನ್ನುವ ಪುರಾವೆ) ಎಲ್ಲರ ಬಾಯಲ್ಲೂ ಬಂತು. ನೋಡುವಾಗ ಎರಡು ಕಡೆ ನೋಡಿ. ಅವರ ಹತ್ತಿರ ಎಷ್ಟಿದೆ ಅನ್ನುವುದು ಒಂದು, ಗ್ರಾಹಕರಿಗೆ ಎಷ್ಟು ಕೊಡಬೇಕು ಅನ್ನುವುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅರ್ಥ ಇಲ್ಲ. ಸರಿಯಾಗಿ ಮಾಡುವವರು ಮರ್ಕಲ್ ಟ್ರೀ ಅನ್ನುವ ಗಣಿತದ ವಿಧಾನ ಬಳಸುತ್ತಾರೆ, ನಿಮ್ಮ ಬ್ಯಾಲೆನ್ಸ್ ಆ ಒಟ್ಟು ಲೆಕ್ಕದಲ್ಲಿ ಸೇರಿದೆಯಾ ಅಂತ ಬೇರೆಯವರ ಹೆಸರು ಕಾಣದೆಯೇ ನೀವು ಪರೀಕ್ಷಿಸಬಹುದು. ಆದರೂ ಅದು ಒಂದು ದಿನದ ಫೋಟೊ ಮಾತ್ರ.

ದೇಣಿಗೆಯಲ್ಲಂತೂ ಬಯಲು ಲೆಕ್ಕ ಇರಲೇಬೇಕು. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ನಾವು ಆಕ್ಸಿಜನ್‌ಗೆ ಪರದಾಡುತ್ತಿದ್ದಾಗ ಇಥೀರಿಯಂ ಸಹಸಂಸ್ಥಾಪಕ ವಿಟಾಲಿಕ್ ಬುಟೆರಿನ್, ಭಾರತದ ಕ್ರಿಪ್ಟೋ ರಿಲೀಫ್ ನಿಧಿಗೆ ಸುಮಾರು 50 ಲಕ್ಷ ಕೋಟಿ ಶಿಬಾ ಇನು ಟೋಕನ್ ಕಳಿಸಿದರು, ಆಗಿನ ಬೆಲೆ ನೂರು ಕೋಟಿ ಡಾಲರ್‌ಗೂ ಜಾಸ್ತಿ. ಜಗತ್ತೆಲ್ಲ ಅದನ್ನು ಆ ಕ್ಷಣದಲ್ಲೇ ನೋಡಿತು, ನೋಡಿದ್ದರಿಂದಲೇ ಟೋಕನ್ ಬೆಲೆಯೂ ಬಿತ್ತು. ನಿಮ್ಮ ಸಂಘವೋ ಗೆಳೆಯರ ಗುಂಪೋ ನಿಧಿ ಎತ್ತುವುದಾದರೆ ಮೂವರಲ್ಲಿ ಇಬ್ಬರ ಸಹಿ ಬೇಕಾಗುವ ಮಲ್ಟಿಸಿಗ್ ವ್ಯಾಲೆಟ್ ಮಾಡಿ, ವಿಳಾಸ ಬಹಿರಂಗವಾಗಿ ಹಾಕಿ. ನೆರವು ಪಡೆದವರ ಹೆಸರು, ಕಾಯಿಲೆ ಮಾತ್ರ ಹಾಕಬೇಡಿ. ವಿದೇಶದಿಂದ ದೇಣಿಗೆ ಬರುವುದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ವಿಚಾರಿಸಿ.

ಹೆಜ್ಜೆ 10: ಪುರಾವೆ ಕೇಳಿದರೆ, ಕೇಳಿದಷ್ಟೇ ಕೊಡಿ

‘ದುಡ್ಡು ಬಂದಿಲ್ಲ’ ಅಂದರೆ ಆ ಒಂದು ವ್ಯವಹಾರದ ಹ್ಯಾಶ್ ಕಳಿಸಿ, ಸಾಕು. ‘ಈ ವ್ಯಾಲೆಟ್ ನಿಮ್ಮದೇ ಅಂತ ಹೇಗೆ ನಂಬೋದು’ ಅಂದರೆ ವ್ಯಾಲೆಟ್‌ನಲ್ಲಿ ಮೆಸೇಜ್‌ಗೆ ಸಹಿ ಮಾಡುವ ಸೌಲಭ್ಯ ಇರುತ್ತದೆ, ಹಣ ಕಳಿಸದೆಯೇ, ಫೀಸಿಲ್ಲದೆಯೇ ಅದು ನಿಮ್ಮದು ಅಂತ ತೋರಿಸಬಹುದು. ಆ ಮೆಸೇಜ್‌ನಲ್ಲಿ ಕೇಳಿದವರ ಹೆಸರು, ಯಾವ ಕೆಲಸಕ್ಕೆ, ಇವತ್ತಿನ ತಾರೀಖು ಮೂರನ್ನೂ ಬರೆದೇ ಸಹಿ ಮಾಡಿ. ಬರೀ ‘ಇದು ನನ್ನ ವ್ಯಾಲೆಟ್’ ಅಂತ ಬರೆದುಕೊಟ್ಟರೆ ಅವರು ಅದನ್ನು ತೆಗೆದುಕೊಂಡು ಹೋಗಿ ಇನ್ನೊಬ್ಬರ ಮುಂದೆ ತಮ್ಮದೇ ಅಂತ ತೋರಿಸಬಹುದು. ಓದೋಕೆ ಬಾರದ ಉದ್ದನೆಯ ಕೋಡ್‌ಗೆ ಸಹಿ ಹಾಕಿ ಅಂದರೆ ಹಾಕಬೇಡಿ, ಅದು ನಿಮ್ಮ ಟೋಕನ್ ತೆಗೆಯೋಕೆ ಕೊಡುವ ಅನುಮತಿಯೂ ಆಗಿರಬಹುದು. ಇನ್ನು ಪರಿಶೀಲನೆಗೆ ಅಂತ 12 ಪದಗಳ ಸೀಡ್, ಅಂದರೆ ಇಡೀ ವ್ಯಾಲೆಟ್‌ನ ಗುಪ್ತ ಕೀಲಿ, ಕೇಳಿದರೆ, ಕೇಳಿದವರು ಎಕ್ಸ್‌ಚೇಂಜಿನವರೇ ಆಗಿರಲಿ, ಪೊಲೀಸ್ ಅಂತಲೇ ಹೇಳಿಕೊಳ್ಳಲಿ, ಫೋನ್ ಇಟ್ಟುಬಿಡಿ.